ಕಾರ್ಟೂನಿನ ಮನೆಗೆ ಹೋದ ನಲವತ್ತು ಕಂಬಳಿ

ಹೊರಡುವ ಮುಂಚೆ, ದೊಡ್ಡೇರಿ ಪಕ್ಕದ ನಮ್ಮೂರು

ಬೆಲ್ಜಿಯಂಗೆ ಹೋಗಿಬಂದೆ ಅಂದರೆ ಮಧುಗಿರಿಯಲ್ಲಿ ಎಲ್ಲರೂ ಕೇಳುವುದು ಎರಡೇ: ಚಳಿ ಹೇಗಿತ್ತು, ಊಟಕ್ಕೇನು ಮಾಡಿದಿರಿ. ಚಳಿ ಇತ್ತು. ಊಟಕ್ಕೆ ಆಲೂಗಡ್ಡೆ ಇತ್ತು. ಆ ವಿಷಯ ಇಲ್ಲಿಗೇ ಮುಗಿಸುತ್ತೇನೆ, ಯಾಕೆಂದರೆ ನಾನು ಬರೆಯಲು ಕೂತಿರುವುದು ಸಿಟ್ಟಿನಲ್ಲಿ. ಆ ಊರಿನ ಹೆಸರು, ಮ್ಯೂಸಿಯಮ್ಮಿನ ಹೆಸರು ಹೇಳುವುದಿಲ್ಲ. ಅವರ ಮಾನ ತೆಗೆದು ನನಗೆ ಆಗಬೇಕಾದ್ದೇನೂ ಇಲ್ಲ.

ನಾನು ಕೊರಟಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಇಂಗ್ಲಿಷು ದಾರಿ ಕೇಳುವಷ್ಟು ಬರುತ್ತದೆ ಅಂದುಕೊಂಡಿದ್ದೆ, ಜಗಳ ಆಡುವಷ್ಟೂ ಬರುತ್ತದೆ ಅಂತ ಈಗ ಗೊತ್ತಾಯಿತು. ನನ್ನಣ್ಣ ಬೀರಣ್ಣ ಕಂಬಳಿ ನೇಯುವವನು. ಚಿಕ್ಕಂದಿನಲ್ಲಿ ಬುಕ್ಕಾಪಟ್ಟಣದ ಕುರುಚಲು ಕಾಡಿನಿಂದ ಪಾವಗಡದ ಗಡಿಯವರೆಗೂ ಕುರಿ ಹೊಡೆದುಕೊಂಡು ಅಲೆದವನು. ಆಮೇಲೆ ಅಪ್ಪನ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ಇವತ್ತಿಗೂ ಎದ್ದಿಲ್ಲ.

ಮೀರ್ಲಾ ಎಂಬ ಕುರಿ ಕಾಯುವ ಹುಡುಗಿಯ ಕಾರ್ಟೂನು ನಿಮ್ಮ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ. ನಮ್ಮೂರಿನ ಮಕ್ಕಳಿಗೂ ತುತ್ತು ಇಳಿಯಬೇಕಾದರೆ ಮೊಬೈಲಿನಲ್ಲಿ ಮೀರ್ಲಾ ಬೇಕು. ಪ್ರತಿ ಕಂತಿನ ಕೊನೆಯಲ್ಲಿ ಅವಳು ಬಯಲಲ್ಲಿ ಕರಿ ಕಂಬಳಿ ಹಾಸಿ ಕೂತು, ಅವತ್ತು ನಡೆದದ್ದನ್ನೆಲ್ಲ ಕುರಿಗಳಿಗೆ ಹೇಳುತ್ತಾಳೆ. ಆ ಕಾರ್ಟೂನು ಹುಟ್ಟಿದ ಊರಿನ ಮ್ಯೂಸಿಯಮ್ಮಿನಿಂದ, ಬೆಂಗಳೂರಿನ ಯಾರೋ ಕರಕುಶಲದವರ ಮೂಲಕ, ಅಣ್ಣನಿಗೊಂದು ಪತ್ರ ಬಂತು. ಕಾರ್ಟೂನಿನ ಬಗ್ಗೆ ದೊಡ್ಡ ಪ್ರದರ್ಶನ ಮಾಡುತ್ತಿದ್ದೇವೆ, ಕೈನೂಲಿನ ಕರಿ ಕಂಬಳಿ ನಲವತ್ತು ಬೇಕು, ನೇಯುವವರೂ ಬಂದು ಒಂದು ವಾರ ನೇಯ್ದು ತೋರಿಸಬೇಕು ಎಂದು.

ನಲವತ್ತು ಏತಕ್ಕೆ ಅಂತ ಪತ್ರದಲ್ಲಿ ಇರಲಿಲ್ಲ. ನಾವೂ ಕೇಳಲಿಲ್ಲ. ಅದೇ ನಮ್ಮ ತಪ್ಪು.

"ಇನ್ನೇನ್ಕೆ ಕಣಮ್ಮಿ? ನಲವತ್ತು ಜನ ದೊಡ್ಡೋರ್ನ ಕೂರ್ಸಿ ಹೊದಿಸ್ತಾರೆ" ಅಂದ ಅಣ್ಣ.

ನನಗೂ ಬೇರೆ ಹೊಳೆಯಲಿಲ್ಲ. ನಮ್ಮ ಕಡೆ ಯಾರನ್ನಾದರೂ ದೊಡ್ಡವರು ಅಂತ ಒಪ್ಪಿದರೆ ಹೆಗಲಿಗೆ ಕರಿ ಕಂಬಳಿ ಹೊದಿಸುತ್ತೇವೆ. ಪ್ರದರ್ಶನಕ್ಕೆ ನಲವತ್ತು ಕಂಬಳಿ ಕೇಳಿದ್ದಾರೆಂದರೆ ನಲವತ್ತು ಹೆಗಲು ಇವೆ ಅಂತಲೇ ಅರ್ಥ.

ಶಿರಾದ ಸಾಬರ ಅಂಗಡಿಯಿಂದ ಉಣ್ಣೆ ಬಂತು. ನಮ್ಮೂರಿನ ಆರು ಜನ ಹೆಂಗಸರು ನೂತರು. ಅವರಿಗೆಲ್ಲ ಹಿರಿಯಳು ಕೆಂಪಮ್ಮತ್ತೆ, ನಮ್ಮವ್ವನ ಜೊತೆಗಾತಿ. ಮೂವತ್ತೊಂಬತ್ತು ಆಗುವ ಹೊತ್ತಿಗೆ ಪಾರ್ಸೆಲ್ಲಿನ ದಿನ ಬಂದುಬಿಟ್ಟಿತ್ತು, ನೂಲು ಮುಗಿದಿತ್ತು. ಆಗ ಅಣ್ಣ ಅಟ್ಟ ಹತ್ತಿ ಅವ್ವನ ಬುಟ್ಟಿ ಇಳಿಸಿದ. ನಮ್ಮವ್ವ ಸಿದ್ದವ್ವ ಹೋದ ವರ್ಷ ತೀರಿಕೊಂಡಳು. ಸಾಯುವ ಹಿಂದಿನ ತಿಂಗಳವರೆಗೂ ನೂತ ಉಂಡೆಗಳು ಆ ಬುಟ್ಟಿಯಲ್ಲಿ ಹಾಗೇ ಇದ್ದವು.

"ಅಣ್ಣಾ, ಅದು ಬೇಡ" ಅಂದೆ.

"ಅವ್ವ ತುಮಕೂರು ದಾಟಿದೋಳಲ್ಲ. ಅವಳ ನೂಲಾದ್ರೂ ಇಮಾನ ಹತ್ಲಿ ಬುಡು. ಯಾರೋ ದೊಡ್ಡೋರ ಹೆಗಲೇರ್ತದೆ."

ಅವ್ವನ ನೂಲಿನಲ್ಲಿ ಕೆಂಚು ಕುರಿಯ ಉಣ್ಣೆಯೂ ಒಂದಿಷ್ಟು ಇತ್ತು. ಅದರಿಂದ ಅಂಚಿಗೆ ಮೂರು ಕೆಂಚು ಗೆರೆ ಎಳೆದ. ಗಂಟು ಕಟ್ಟುವಾಗ ಕೆಂಪಮ್ಮತ್ತೆ ಬಂದು, "ಲೇ ಪುಟ್ಟಿ, ನಂದು ಯಾರ ಹೆಗಲಿಗೆ ಬೀಳ್ತದೆ ಸರ್ಯಾಗಿ ನೋಡ್ಕಂಡು ಬಾ. ಬಂದು ಹೇಳ್ಬೇಕು" ಅಂದಳು. ಉಳಿದ ಐದೂ ಜನ ಅದನ್ನೇ ಹೇಳಿದರು.

ಇಳಿದ ದಿನ, ವಿಮಾನ ನಿಲ್ದಾಣ

ಮಗ್ಗಕ್ಕೆ ಹೂಡಿದ ನೂಲಿಗೆ ಹುಣಸೆಬೀಜದ ಗಂಜಿ ಹಾಕದಿದ್ದರೆ ಕಂಬಳಿಗೆ ಬಿಗಿಯೇ ಬರುವುದಿಲ್ಲ. ಹಾಗಾಗಿ ಅಣ್ಣನ ಚೀಲದಲ್ಲಿ ಬೀಜದ ಹಿಟ್ಟು ಇತ್ತು. ತಪಾಸಣೆಯವನು ಆ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಉಣ್ಣೆಗೆ ಹಾಕುವುದು ಅಂದೆ. ಉಣ್ಣೆ ಇದನ್ನು ತಿನ್ನುತ್ತದೆಯೇ ಅಂದ. ಅಣ್ಣನಿಗೆ ಮಾತು ಅರ್ಥವಾಗದಿದ್ದರೂ ಅನುಮಾನ ಅರ್ಥವಾಯಿತು. ಬೆರಳು ಅದ್ದಿ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಚಪ್ಪರಿಸಿದ. ಅಧಿಕಾರಿ ಎರಡು ಹೆಜ್ಜೆ ಹಿಂದಕ್ಕೆ ಹೋದ. ನಮ್ಮನ್ನು ಒಂದು ಗಂಟೆ ಕೂರಿಸಿದರು.

ಅಣ್ಣ ಪಂಚೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿ, ಹೆಗಲ ಮೇಲೆ ತನ್ನ ಹಳೇ ಕಂಬಳಿ ಹೊದ್ದಿದ್ದ. ಹೋಗುವವರು ಬರುವವರೆಲ್ಲ ತಿರುಗಿ ನೋಡುತ್ತಿದ್ದರು.

"ನೋಡ್ದಾ, ಎಲ್ಲಾರ ಕಣ್ಣೂ ಕಂಬಳಿ ಮ್ಯಾಲೇ ಐತೆ" ಅಂತ ಬೀಗಿದ.

ರೈಲಿನ ಕಿಟಕಿಯಾಚೆ ಹಸಿರೋ ಹಸಿರು, ಹುಲ್ಲೋ ಹುಲ್ಲು. ಎಲ್ಲಕ್ಕೂ ಬೇಲಿ. ಅಣ್ಣನಿಗೆ ಪಾವಗಡದ ಕಡೆಯ ತಿರುಮಣಿ ನೆನಪಾಯಿತು. ಅವನು ಕುರಿ ಮೇಯಿಸಿದ ಬಯಲಲ್ಲಿ ಈಗ ಸೋಲಾರ್ ಗಾಜು ಸಾಲಾಗಿ ನಿಂತಿದೆ, ಸುತ್ತಲೂ ತಂತಿ. "ಇಲ್ಲೂ ಅಂಗೇನಾ?" ಅಂದು ಕಣ್ಣು ಮುಚ್ಚಿಕೊಂಡ.

ಎರಡನೆಯ ದಿನ, ಪ್ರದರ್ಶನ

ನಮ್ಮನ್ನು ಬರಮಾಡಿಕೊಂಡವಳು ಮಾರ್ಗೋ, ಪ್ರದರ್ಶನದ ಮೇಲ್ವಿಚಾರಕಿ. ತೆಳ್ಳಗಿನ, ಎತ್ತರದ ಹೆಂಗಸು, ಬಾಯ್ತುಂಬ ನಗು. ಬಾಗಿಲಲ್ಲೇ ನಮ್ಮ ಕೋಟುಗಳನ್ನು ಇಸಿದುಕೊಂಡಳು. ಆ ದೇಶದಲ್ಲಿ ಕೋಟನ್ನು ಬಾಗಿಲಲ್ಲಿ ಕಳಚಿ ಕೊಡುತ್ತಾರೆ, ಬೂಟನ್ನು ಮಾತ್ರ ಒಳಗೆ ತರುತ್ತಾರೆ. ನಮ್ಮಲ್ಲಿ ಪೂರಾ ಉಲ್ಟಾ. ಅಣ್ಣ ಅಭ್ಯಾಸದಂತೆ ಚಪ್ಪಲಿ ಬಿಡಲು ಹೋದ. ಬೇಡ ಬೇಡ ಅಂತ ಮಾರ್ಗೋ ತಡೆದಳು.

ಮೊದಲ ಕೋಣೆಯಲ್ಲಿ ಮೀರ್ಲಾಳ ಮೊಟ್ಟಮೊದಲ ಚಿತ್ರಗಳು, ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದವು. ಗಾಜಿನೊಳಗೆ ಮಂದ ದೀಪ. ಒಂದು ಕಾಗದ ಸ್ವಲ್ಪ ಓರೆಯಾಗಿತ್ತೆಂದು ಒಬ್ಬ ಹುಡುಗಿ ಬಿಳಿ ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಅದನ್ನು ಸರಿಮಾಡುತ್ತಿದ್ದಳು. ನನಗೆ ಸಂತೋಷವೇ ಆಯಿತು. ಒಂದು ಕಾಗದಕ್ಕೇ ಇಷ್ಟು ಮರ್ಯಾದೆ ಕೊಡುವವರು ಕಂಬಳಿಗೆ ಎಷ್ಟು ಕೊಟ್ಟಾರು ಅಂದುಕೊಂಡೆ, ಹುಚ್ಚಿ.

ಎರಡನೆಯ ಕೋಣೆಯಲ್ಲಿ ಆಳೆತ್ತರದ ಕುರಿಗಳ ಬೊಂಬೆಗಳು. ಒಂದರ ಹೊಟ್ಟೆ ಒತ್ತಿದರೆ ಹಲ್ಲು ಕಿರಿದು ನಗುತ್ತಿತ್ತು. ಅಣ್ಣ ಕತ್ತು ಚಾಚಿ ಅದರ ಬಾಯೊಳಗೆ ನೋಡಿದ.

"ಲೇ ಪುಟ್ಟಿ, ಇದಕ್ಕೆ ಮೇಲ್ಗಡೆ ಮುಂದಿನ ಹಲ್ಲು ಇಟ್ಟವ್ರಲ್ಲೇ! ಯಾವ ಕುರಿಗೈತೆ ಮೇಲಿನ ಹಲ್ಲು?"

ಮಾರ್ಗೋಗೆ ಹೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲವಂತೆ. ಅವಳು ಗಟ್ಟಿಯಾಗಿ ನಕ್ಕು ಅದನ್ನು ಬರೆದುಕೊಂಡಳು. ಅಲ್ಲಿಯವರೆಗೂ ನಾವೆಲ್ಲ ಚೆನ್ನಾಗಿಯೇ ಇದ್ದೆವು.

ಕೊನೆಯ ಕೋಣೆ ಕತ್ತಲು. ಚಾವಣಿಯಲ್ಲಿ ನಕ್ಷತ್ರದಂಥ ದೀಪಗಳು, ಎದುರಿಗೆ ದೊಡ್ಡ ಪರದೆ, ಪರದೆಯ ಮೇಲೆ ಮೀರ್ಲಾ. ಜನ ನೆಲದ ಮೇಲೆ ಕೂತು ನೋಡುತ್ತಿದ್ದರು. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಕಂಡಿತು. ನಲವತ್ತು ಕಂಬಳಿಯೂ ನೆಲದ ಮೇಲಿದ್ದವು. ಮೀರ್ಲಾಳ ಹಾಗೆ ಕೂತು ನೋಡಲಿ ಎಂದು ಹಾಸಿದ್ದಾರೆ. ಜನ ಬೂಟು ಹಾಕಿಕೊಂಡೇ ಓಡಾಡುತ್ತಿದ್ದರು. ಹೊರಗೆ ಮಳೆ. ಮಕ್ಕಳ ತಳ್ಳುಗಾಡಿಯ ಚಕ್ರಗಳು ಒದ್ದೆ ಗೆರೆ ಎಳೆದುಕೊಂಡು ಹೋಗಿದ್ದವು. ಒಬ್ಬ ಕಾಫಿ ಚೆಲ್ಲಿ ಕಾಲಲ್ಲೇ ಒರೆಸಿದ.

ಕಂಬಳಿಯ ಮೇಲೆ ನಾವೂ ಕೂರುತ್ತೇವೆ, ಮಲಗುತ್ತೇವೆ, ಮಗು ಹುಟ್ಟಿದರೆ ಮಲಗಿಸುತ್ತೇವೆ. ಅದೇ ಕಂಬಳಿಯನ್ನು ಮಡಿಸಿ ಗದ್ದುಗೆ ಹಾಕಿ ದೇವರನ್ನೂ ಕೂರಿಸುತ್ತೇವೆ. ಮೆಟ್ಟು ಹಾಕಿಕೊಂಡು ತುಳಿಯುವುದಿಲ್ಲ, ಅಷ್ಟೇ. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ, ನಡೆಯಲು ಬಂದಾಗಲೇ ಬಂದದ್ದು.

ಅಣ್ಣ ಬಾಗಿಲ ಬಳಿ ಬಗ್ಗಿದ. ಒಳಗೆ ಬರುವವರೆಲ್ಲ ಮೊದಲು ಕಾಲಿಡುತ್ತಿದ್ದ ಕಂಬಳಿ ಅದು. ಅದರ ಅಂಚಿಗೆ ಮೂರು ಕೆಂಚು ಗೆರೆ. ಒಂದೇ ಬೇರೆ ಥರ ಇದೆ, ಸಾಲಿಗೆ ಹೊಂದುವುದಿಲ್ಲ ಅಂತ ಅದನ್ನು ಬಾಗಿಲಿಗೆ ಹಾಕಿದ್ದರು. ಜನ ಅದಕ್ಕೆ ಬೂಟು ಉಜ್ಜಿ ಒಳಗೆ ಹೋಗುತ್ತಿದ್ದರು.

"ಅವ್ವಾ" ಅಂದ ಅಣ್ಣ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಮಣ್ಣು ಒರೆಸತೊಡಗಿದ. ಬರುವವರು ಅವನ ಕೈಯನ್ನು ತಪ್ಪಿಸಿ ದಾಟಿದರು.

ಅದೇ ಸಂಜೆ, ಮಾರ್ಗೋಳ ಕೋಣೆ

ಮೂವತ್ತು ವರ್ಷ ಮಕ್ಕಳನ್ನು ಗದರಿದ ಗಂಟಲು ನನ್ನದು, ಆದರೆ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಸಿಟ್ಟು ಮಾಡುವುದು ಬೇರೆಯವರ ಒಲೆಯಲ್ಲಿ ಮುದ್ದೆ ಕೂಡಿಸಿದ ಹಾಗೆ, ಹದ ಸಿಗುವುದಿಲ್ಲ. ಆದರೂ ಹೇಳಿದೆ. ಆ ಕಂಬಳಿ ನಮ್ಮ ತಾಯಿಯ ಕೊನೆಯ ನೂಲಿನದು, ಹೊದಿಸಲು ಕೊಟ್ಟದ್ದು, ದಯವಿಟ್ಟು ವಾಪಸು ಕೊಡಿ ಅಂದೆ.

ಮಾರ್ಗೋ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಕಣ್ಣಲ್ಲಿ ನೀರು ಕೂಡ ಬಂತು. ಆಮೇಲೆ ಕಂಪ್ಯೂಟರಿನಲ್ಲಿ ನೋಡಿ, ಅದಕ್ಕೆ ನಂಬರು ಬಿದ್ದಿದೆ, ಪ್ರದರ್ಶನ ಮುಗಿಯುವವರೆಗೆ ನಲವತ್ತೂ ಇರಬೇಕು, ನಿಯಮ ಅಂದಳು. ಅಳುತ್ತಲೇ ಆಗುವುದಿಲ್ಲ ಅನ್ನುವವರನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮ ತಾಲ್ಲೂಕು ಕಚೇರಿಯಲ್ಲಾದರೆ ಮುಖ ಗಂಟಿಕ್ಕಿಕೊಂಡು ಇಲ್ಲ ಅನ್ನುತ್ತಾರೆ, ಜಗಳಕ್ಕೆ ಒಂದು ದಾರಿಯಾದರೂ ಇರುತ್ತದೆ.

ಅಣ್ಣ ಗೋಡೆಯ ಮೇಲಿದ್ದ ಮೀರ್ಲಾಳ ಚಿತ್ರ ತೋರಿಸಿದ. "ಕೇಳೇ ಅವಳ್ನ. ಅವರ ಹುಡುಗೀನೇ ಬೂಟು ಆಚೆ ಬುಟ್ಟು ಕಂಬಳಿ ಮ್ಯಾಲೆ ಕುಂತವ್ಳೆ. ಬರ್ದೋರ್ಗೆ ಗೊತ್ತು, ಇವರ್ಗೆ ಗೊತ್ತಿಲ್ವಾ?"

ನಿಜ. ಚಿತ್ರದಲ್ಲಿ ಮೀರ್ಲಾ ಬರಿಗಾಲಲ್ಲಿದ್ದಳು, ಬೂಟಿನ ಜೋಡಿ ಕಂಬಳಿಯ ಆಚೆ ಇತ್ತು. ಎಲ್ಲ ಚಿತ್ರದಲ್ಲೂ ಹಾಗೇ. ಕೇಳಿದೆ. ಮಾರ್ಗೋ ಖುಷಿಯಿಂದ ವಿವರಿಸಿದಳು: ಹತ್ತಿರದಿಂದ ತೋರಿಸುವ ಚಿತ್ರಗಳಲ್ಲಿ ಬೂಟಿನ ದಾರ ಮತ್ತೆ ಮತ್ತೆ ಬರೆಯುವುದು ಬಹಳ ಕೆಲಸವಂತೆ, ಅದಕ್ಕೇ ಕೂರುವಾಗ ಬೂಟು ಬಿಚ್ಚಿಸಿದರಂತೆ.

ನಾನು ಇದನ್ನು ಅಣ್ಣನಿಗೆ ಹೇಳಲಿಲ್ಲ. "ಅವರಿಗೂ ಗೊತ್ತಂತೆ ಕಣಣ್ಣ, ಮರ್ತುಬಿಟ್ರಂತೆ" ಅಂದೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಮೂರನೆಯ ದಿನ, ಹನ್ನೊಂದು ಗಂಟೆ

ಅವರು ಕಟ್ಟಿಸಿಟ್ಟಿದ್ದ ಮಗ್ಗಕ್ಕೆ ಅಣ್ಣ ಕೂರಲಿಲ್ಲ. ನೇರ ಕತ್ತಲೆ ಕೋಣೆಗೆ ಹೋಗಿ, ಚಪ್ಪಲಿ ಬಾಗಿಲಾಚೆ ಬಿಟ್ಟು, ಒಂದೊಂದೇ ಕಂಬಳಿ ಎತ್ತಿ, ಕೊಡವಿ, ಗದ್ದುಗೆಗೆ ಮಡಿಸುವ ಹಾಗೆ ಮಡಿಸಿ ಒಂದರ ಮೇಲೊಂದು ಪೇರಿಸತೊಡಗಿದ. ಕೂತಿದ್ದವರು ಎದ್ದು ಜಾಗ ಬಿಟ್ಟರು. ಕಾವಲಿನವನು ಬಂದ, ನೋಡಿದ, ಸುಮ್ಮನೆ ನಿಂತ. ನಲವತ್ತನೆಯದು ಅವ್ವನದು, ಅದನ್ನು ಎಲ್ಲದರ ಮೇಲೆ ಇಟ್ಟು ಕೈಮುಗಿದ.

ಜನ ಚಪ್ಪಾಳೆ ತಟ್ಟಿದರು! ಎಲ್ಲರ ಫೋನುಗಳೂ ಮೇಲೆದ್ದಿದ್ದವು. ನನಗೆ ಮೈ ಉರಿದುಹೋಯಿತು. ಒಬ್ಬ ಮನುಷ್ಯ ತನ್ನ ತಾಯಿಯನ್ನು ನೆಲದಿಂದ ಎತ್ತುತ್ತಿದ್ದರೆ ಇವರಿಗೆ ಅದು ಆಟ.

ನಾವು ಊಟ ಮಾಡಿ ಬರುವುದರೊಳಗೆ ನಲವತ್ತನ್ನೂ ಮತ್ತೆ ಹಾಸಿದ್ದರು. ಮೂರು ಗೆರೆಯದು ಮತ್ತೆ ಬಾಗಿಲಿಗೆ.

ಮರುದಿನ ಬೆಳಿಗ್ಗೆ ಟಿಕೆಟ್ ಕೌಂಟರಿನ ಪಕ್ಕ ಹೊಸ ಬೋರ್ಡು. ಅಣ್ಣ ಕಂಬಳಿ ಮಡಿಸುತ್ತಿರುವ ಫೋಟೋ, ಕೆಳಗೆ "ಕಂಬಳಿ ಮಡಿಸುವ ಆಚರಣೆ, ಪ್ರತಿದಿನ ಹನ್ನೊಂದಕ್ಕೆ ಮತ್ತು ಮೂರಕ್ಕೆ." ನಾನು ಎರಡು ಸಲ ಓದಿದೆ. ಸಿಟ್ಟಿಗೂ ಟೈಮ್ ಟೇಬಲ್ ಹಾಕುವ ಜನ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಕೋಣೆ ತುಂಬಿತು. ಅಣ್ಣ ಗೋಡೆಗೊರಗಿ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತುಬಿಟ್ಟ. "ಗಂಟೆ ಹೊಡ್ದಾಗ ನಾನು ಮಡಿಸಲ್ಲ. ಹೇಳು ಅವರ್ಗೆ." ಹೇಳಿದೆ. ಮೊದಲು ಇಂಗ್ಲಿಷಿನಲ್ಲಿ ಹೇಳಿದೆ. ಅರ್ಧದಲ್ಲಿ ಇಂಗ್ಲಿಷು ಕೈಕೊಟ್ಟಿತು, ಕನ್ನಡ ಬಂದುಬಿಟ್ಟಿತು. "ನಿಮಗೆ ನಾಚಿಕೆ ಆಗಲ್ವೇನ್ರೀ? ಕಾಗದ ಮುಟ್ಟೋಕೆ ಕೈಗವಸು ಹಾಕ್ತೀರ, ನಮ್ಮವ್ವನ್ನ ತುಳಿಯೋಕೆ ಬೂಟು ಹಾಕ್ತೀರ! ನಿಮ್ಮ ಮನೇಲಿ ತಾಯಂದಿರಿಲ್ವಾ?" ಅಂತ ಕಿರುಚಿದೆ. ನನ್ನ ಬೈಗುಳಕ್ಕೂ ಚಪ್ಪಾಳೆ ಬಿತ್ತು.

ಮಗ್ಗದ ಮೂರು ದಿನ

ಮಾರ್ಗೋ ಕೊನೆಗೊಂದು ದಾರಿ ಹುಡುಕಿದಳು. ನಲವತ್ತು ಇರಬೇಕು ಅನ್ನುವುದಷ್ಟೇ ನಿಯಮ. ಅದೇ ಬಣ್ಣದ, ಅದೇ ಅಳತೆಯ ಇನ್ನೊಂದನ್ನು ಇಲ್ಲೇ ನೇಯ್ದು ಕೊಟ್ಟರೆ ಮೂರು ಗೆರೆಯದನ್ನು ಒಯ್ಯಬಹುದು. ಬೋರ್ಡನ್ನೂ ತೆಗೆಸಿದಳು. ಅವಳು ಕೆಟ್ಟವಳಲ್ಲ. ಅದೇ ನನಗೆ ಇನ್ನೂ ಕಷ್ಟ.

ಅಣ್ಣ ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಕೇಳಿದ. "ಅವ್ವನ್ನ ಬಿಡಿಸ್ಕಣಕ್ಕೆ ತುಳಿಯೋಕೆ ಅಂತ್ಲೇ ಒಂದು ಕಂಬಳಿ ನೇಯ್ಬೇಕಲ್ಲೇ. ಹೆಂಗೆ ನೇಯ್ಲಿ? ಕೈ ಆಡಲ್ವಲ್ಲ."

ಆಮೇಲೆ ಅವನೇ ಎದ್ದು, ಗಂಜಿಯ ಪೊಟ್ಟಣವನ್ನು ಗಂಟು ಬಿಚ್ಚದೆ ಚೀಲದ ತಳಕ್ಕೆ ತುರುಕಿದ. ಮ್ಯೂಸಿಯಮ್ಮಿನ ನೆಲ ಅಗೆಯುವಂತಿಲ್ಲವಲ್ಲ, ಹಲಗೆಯ ಜಗಲಿ ಕಟ್ಟಿ ಅದರಲ್ಲಿ ಗುಂಡಿ ಮಾಡಿದ್ದರು. ಅದರೊಳಗೆ ಕಾಲು ಇಳಿಬಿಟ್ಟು, ಅವರು ತರಿಸಿಟ್ಟಿದ್ದ ಗಿರಣಿಯ ನೂಲನ್ನೇ ಮಗ್ಗಕ್ಕೆ ಹೂಡಿದ. ಮೂರು ದಿನ ನೇಯ್ದ. ಜನ ಬಂದು ನೋಡಿದರು, ಒಂದಿಬ್ಬರು ಮಕ್ಕಳು ಲಾಳಿಯನ್ನು ಮುಟ್ಟಿ ನೋಡಿದರು. ಅಣ್ಣ ಯಾರ ಕಡೆಗೂ ತಲೆಯೆತ್ತಲಿಲ್ಲ.

ಮುಗಿದಾಗ ಅದಕ್ಕೆ ಅಂಚು ಇರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಮಾತಿದೆ. ಅಂಚು ಕಟ್ಟುವವರೆಗೆ ಅದು ಬಟ್ಟೆ, ಅಂಚು ಕಟ್ಟಿದ ಮೇಲೆ ಕಂಬಳಿ. ಅಂಚು ಕಟ್ಟುವ ದಿನ ಅವ್ವ ಮಗ್ಗಕ್ಕೆ ಅರಿಶಿನ ಇಡುತ್ತಿದ್ದಳು.

"ಇದು ಕಂಬಳಿ ಅಲ್ಲ. ಗಂಜಿ ಇಲ್ಲ, ಅಂಚಿಲ್ಲ, ಕೈನೂಲಿಲ್ಲ. ಕಾಲೊರ್ಸೋ ಬಟ್ಟೆ. ಎಷ್ಟು ಬೇಕಾದ್ರೂ ತುಳ್ಕಳ್ಳಿ" ಅಂದ ಅಣ್ಣ.

ಮಾರ್ಗೋ ಟೇಪು ಹಿಡಿದು ಉದ್ದ ಅಗಲ ನೋಡಿದಳು. ಅಳತೆ ಸರಿಯಾಗಿತ್ತು, ನಂಬರಿನ ಚೀಟಿ ಅದಕ್ಕೆ ಹೊಲಿಸಿದಳು. ಆಮೇಲೆ ಅದನ್ನು ಸವರುತ್ತ, ಇದು ತುಂಬ ಸರಳವಾಗಿದೆ, ಸುಂದರವಾಗಿದೆ, ಉಳಿದವುಗಳಿಗಿಂತ ಇದೇ ಈ ಕೋಣೆಗೆ ಒಪ್ಪುತ್ತದೆ, ಇಂಥವು ಇನ್ನೂ ಮೂವತ್ತೊಂಬತ್ತು ನೇಯ್ದು ಕಳಿಸಲು ಆಗುತ್ತದೆಯೇ ಅಂದಳು.

ನಾನು ಅನುವಾದ ಮಾಡುತ್ತ ಮಾಡುತ್ತಲೇ ಹಲ್ಲು ಕಚ್ಚಿದೆ. ಅಣ್ಣ ಅವ್ವನ ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಅದು ನೆಲ ಒರೆಸುವ ಔಷಧಿಯ ವಾಸನೆ ಹೊಡೆಯುತ್ತಿತ್ತು. "ಊರಿಗೋಗಿ ಹೇಳ್ತೀವಿ ಅನ್ನು" ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು ಉಳಿದ ಮೂವತ್ತೊಂಬತ್ತನ್ನು ಒಂದು ಸಲ ನೋಡಿದ. ಬೂಟುಗಳು ಓಡಾಡುತ್ತಿದ್ದವು. ಕಾವಲಿನವನು ಅವ್ವನ ಕಂಬಳಿ ನೋಡಿ ತಲೆಬಾಗಿಸಿದ. ಆ ಊರಿನಲ್ಲಿ ಕಂಬಳಿಗೆ ತಲೆಬಾಗಿದ್ದು ಅವನೊಬ್ಬನೇ.

ವಾಪಸು, ನಮ್ಮೂರು

ವಿಮಾನದಲ್ಲಿ ನಾನು ಸುಳ್ಳು ಕಟ್ಟಿಕೊಂಡು ಬಂದಿದ್ದೆ. ಕೆಂಪಮ್ಮತ್ತೆಯದು ಅಲ್ಲಿನ ಮೇಯರಿಗೆ ಹೊದಿಸಿದರು, ಅವಳ ಜೊತೆ ನೂತ ಸಣ್ಣೀರಮ್ಮನದು ಚಿತ್ರ ಬರೆದವರಿಗೆ, ಹೀಗೆ ಆರು ಜನಕ್ಕೂ ಆರು ಹೆಗಲು ಹುಡುಕಿಟ್ಟಿದ್ದೆ. ಹೆಸರು ಸಮೇತ.

ಬೆಳಿಗ್ಗೆ ಆರೂ ಜನ ಬಂದು ಜಗಲಿಯ ಮೇಲೆ ಕೂತರು. ನಾನಿನ್ನೂ ಕಾಫಿ ಲೋಟ ಇಟ್ಟಿರಲಿಲ್ಲ, ಕೆಂಪಮ್ಮತ್ತೆ ಶುರುಮಾಡಿದಳು. "ಊಂ, ಹೇಳು ಪುಟ್ಟಿ. ನಂದು ಯಾರ ಹೆಗಲಿಗೆ ಬಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿಬಿಟ್ಟ. "ಯಾರ ಹೆಗಲಿಗೂ ಬೀಳ್ಲಿಲ್ಲ ಕಣತ್ತೆ. ನೆಲಕ್ಕಾಸಿ ಬೂಟಲ್ಲಿ ತುಳೀತಾವ್ರೆ. ನಾನು ಅವ್ವಂದೊಂದು ಬಿಡಿಸ್ಕಂಡು ಬಂದ್ಬುಟ್ಟೆ."

ಕೆಂಪಮ್ಮತ್ತೆ ಅವ್ವನ ಕಂಬಳಿ ಇಸಿದುಕೊಂಡು, ಮೂರು ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, ಮೂಸಿ ನೋಡಿ, ಮುಖ ಕಿವುಚಿದಳು.

"ಸಿದ್ದವ್ವಂಗೆ ಮಗ ಅವ್ನೆ, ಬಿಡಿಸ್ಕಂಡು ಬಂದ. ನಮ್ದು ಯಾರು ತರ್ತಾರ್ಲಾ ಬೀರಾ?"

ಅಣ್ಣ ತಲೆ ತಗ್ಗಿಸಿದ. ಅಷ್ಟು ದೂರ ಹೋಗಿ, ಅಷ್ಟು ಕೂಗಾಡಿ, ನಾವಿಬ್ಬರೂ ನಮ್ಮವ್ವನೊಬ್ಬಳನ್ನೇ ಕಂಡಿದ್ದೆವು. ಮಾರ್ಗೋಗೆ ಕಾಣದ್ದು ನಲವತ್ತು, ನಮಗೆ ಕಾಣದ್ದು ಮೂವತ್ತೊಂಬತ್ತು.

ಅಣ್ಣನೇ ಎದ್ದು, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ. "ಪುಟ್ಟಿ, ಆಯಮ್ಮಂಗೆ ಪತ್ರ ಬರಿ. ಅಂಚಿಲ್ದಿದ್ದು ಮೂವತ್ತೊಂಬತ್ತು ಕಳಿಸ್ತೀನಿ ಅನ್ನು. ಒಂದಕ್ಕೆ ಒಂದು. ನಮ್ಮವು ವಾಪಸ್ ಬರ್ಬೇಕು."

"ಅದಕ್ಕೆ ನಾವು ನೂಲಲ್ಲ ಕಣ್ಲಾ" ಅಂದಳು ಕೆಂಪಮ್ಮತ್ತೆ.

"ನೂಲ್ಬ್ಯಾಡಿ. ಶಿರಾದಿಂದ ಗಿರಣಿ ನೂಲು ತತ್ತೀನಿ."

ನಾನು ಒಳಗಿನಿಂದ ಹಾಳೆ ಪೆನ್ನು ತಂದು ಜಗಲಿಯ ಮೇಲೇ ಕೂತೆ. ಆರೂ ಜನ ಸುತ್ತ ಕೂತು, ಓದಲು ಬಾರದಿದ್ದರೂ ನನ್ನ ಅಕ್ಷರವನ್ನೇ ನೋಡುತ್ತಿದ್ದರು. ಪ್ರೀತಿಯ ಮಾರ್ಗೋ ಎಂದು ಬರೆದೆ, ಪ್ರೀತಿಯ ಅನ್ನುವುದನ್ನು ಹೊಡೆದುಹಾಕಿದೆ, ಸ್ವಲ್ಪ ಯೋಚಿಸಿ ಮತ್ತೆ ಬರೆದೆ. ಒಂದಕ್ಕೆ ಒಂದು ಎಂಬುದನ್ನು ಬರೆದು ಕೆಳಗೆ ಗೆರೆ ಎಳೆದೆ. ಇನ್ನೇನು ಸಹಿ ಹಾಕಬೇಕು, ಕೆಂಪಮ್ಮತ್ತೆ ನನ್ನ ಕೈ ಹಿಡಿದಳು.

"ಕಳಿಸೋವಾಗ ತೊಳೀಬ್ಯಾಡಿ ಅಂತ ಬರಿ. ಎಂಗವೋ ಅಂಗೇ ಕಳಿಸ್ಲಿ. ನಾವೇ ತೊಳ್ಕಂತೀವಿ."